ಸವಾನಾದ ಆ ಹಿರಿಯರಿಗೆ ಒಂದು ಥ್ಯಾಂಕ್ಸ್

ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನಾ ನಗರದ ಜಾನ್ಸನ್ ಸ್ಕ್ವೇರ್‌ನಲ್ಲಿ ಸರಿದು ಕೂತು ಬೆಂಚಿನಲ್ಲಿ ನಮಗೆ ಜಾಗ ಮಾಡಿಕೊಟ್ಟ ಹಿರಿಯ ಮಹಿಳೆಗೆ ಧನ್ಯವಾದ. ಹೆಸರು ಕೇಳುವಷ್ಟರಲ್ಲಿ ಬಸ್ ಬಂತು.

ಅಮ್ಮನಿಗೆ ಮಂಡಿನೋವು, ಜೂನ್ ಬಿಸಿಲು ಬೇರೆ. 1733ರಲ್ಲಿ ಓಗ್ಲ್‌ಥೋರ್ಪ್ ಶುರುಮಾಡಿದ ಈ ಊರಲ್ಲಿ ಇಂಥ ಮರಗಳ ನೆರಳಿನ ಚೌಕಗಳು ಈಗಲೂ 22 ಇವೆ. ಎಲ್ಲವನ್ನೂ ಸುತ್ತುವುದು ಆಗದ ಮಾತು. ‘ಡಾಟ್’ ಬಸ್ ಹತ್ತಿ, ದುಡ್ಡು ಕೊಡೋದು ಬೇಡ ಎಂದು ಹೇಳಿದವರು ಅವರೇ.

ಅದಕ್ಕಿಂತ ಜಾಸ್ತಿ ಋಣ ಇನ್ನೊಂದು ಮಾತಿಗೆ. ಫೋರ್ಸೈತ್ ಪಾರ್ಕಿನ ಕಾರಂಜಿ ಎಲ್ಲೂ ಓಡಿಹೋಗಲ್ಲ, ಮೊದಲು ಫ್ರಾಂಕ್ಲಿನ್ ಸ್ಕ್ವೇರ್‌ನ ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್ ಚರ್ಚಿಗೆ ಹೋಗಿ ಎಂದರು. ಗುಲಾಮಗಿರಿಯಲ್ಲಿದ್ದ ಜನ ಹಗಲೆಲ್ಲ ದುಡಿದು, ರಾತ್ರಿ ಇಟ್ಟಿಗೆ ಹೊತ್ತು ಕಟ್ಟಿದ ಚರ್ಚದು. 1859ರಲ್ಲಿ ಮುಗಿದದ್ದು. ನೆಲದ ಹಲಗೆಗಳಲ್ಲಿ ವಜ್ರಾಕಾರದಲ್ಲಿ ಕೊರೆದ ತೂತುಗಳಿವೆ. ತಪ್ಪಿಸಿಕೊಂಡು ಬಂದವರು ಅದರಡಿ ಅಡಗುತ್ತಿದ್ದರು, ಅವು ಉಸಿರಾಡಲು ಎಂದು ಅಲ್ಲಿನವರು ಹೇಳುತ್ತಾರೆ. ಅಮ್ಮ ಬಗ್ಗಿ ನೋಡಿದರು, ಮಂಡಿನೋವನ್ನೂ ಮರೆತು.

ಕಾರಂಜಿಯನ್ನೂ ನೋಡಿದೆವು, ಚೆನ್ನಾಗಿದೆ. ಆದರೆ ಅಮ್ಮ ಊರಿಗೆ ಫೋನ್ ಮಾಡಿದಾಗ ಹೇಳುವುದು ಆ ತೂತುಗಳ ಕಥೆಯನ್ನೇ.