‘ಒತ್ತಿ’ ಅನ್ನಬೇಡಿ, ‘ಮುಟ್ಟಿ ಬಿಡಿ’ ಅನ್ನಿ

ಮಾನ್ಯ ಸಂಪಾದಕರೇ,

ಅಕ್ಟೋಬರ್ 1ರ ಹಿರಿಯ ನಾಗರಿಕರ ದಿನಾಚರಣೆ ಹತ್ತಿರ ಬಂದರೆ ಶಾಲು, ಹಾರ, ಹಣ್ಣಿನ ಬುಟ್ಟಿಗಳ ಸಿದ್ಧತೆ ಶುರು. ಹಿರಿಯರೂ ಮೊಬೈಲ್ ಕಲಿಯಬೇಕು ಎಂಬ ಭಾಷಣವೂ ತಪ್ಪುವುದಿಲ್ಲ. ಹೇಗೆ ಕಲಿಸಬೇಕು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಮನೆಗಳಲ್ಲಂತೂ ‘ವಯಸ್ಸಾಯ್ತು, ಇನ್ನು ತಲೆಗೆ ಹತ್ತಲ್ಲ’ ಎಂದು ತೀರ್ಪು ಕೊಟ್ಟಾಗಿರುತ್ತದೆ. ಹಿರಿಯರಿಗೆ ವಿಡಿಯೋ ಕಾಲ್ ಹೇಳಿಕೊಡುವ ನಮಗೆ ಕಾಣುವುದು ಬೇರೆ. ತೊಂದರೆ ಹೆಚ್ಚಾಗಿ ಇರುವುದು ಹೇಳಿಕೊಡುವವರ ಮಾತಿನಲ್ಲಿ ಮತ್ತು ಸರಿಯಾಗಿ ಸಿದ್ಧಮಾಡದೆ ಕೈಗಿತ್ತ ಫೋನಿನಲ್ಲಿ.

ಮೊದಲನೇ ತಪ್ಪು ‘ಒತ್ತಿ’ ಎಂಬ ಪದ. ಸ್ವಿಚ್ಚು, ಕಾಲಿಂಗ್ ಬೆಲ್, ಟೀವಿ ರಿಮೋಟು, ಹಳೆಯ ಕೀಪ್ಯಾಡ್ ಫೋನು ಎಲ್ಲವನ್ನೂ ಒತ್ತಿಯೇ ಅಭ್ಯಾಸವಾದ ಬೆರಳದು. ‘ಹಸಿರು ಗುಂಡಿ ಒತ್ತಿ’ ಎಂದರೆ ಗಟ್ಟಿಯಾಗಿ ಒತ್ತಿ ಹಿಡಿಯುತ್ತಾರೆ. ಗಾಜಿನ ಪರದೆಗೆ ಎಷ್ಟು ಬಲ ಬಿತ್ತು ಎಂಬುದು ಮುಖ್ಯವಲ್ಲ, ಬೆರಳು ಎಷ್ಟು ಹೊತ್ತು ನಿಂತಿತು ಎಂಬುದು ಮುಖ್ಯ. ಸುಮಾರು ಅರ್ಧ ಸೆಕೆಂಡು ದಾಟಿದರೆ ಫೋನು ಅದನ್ನು ಬೇರೆಯೇ ಅಪ್ಪಣೆ ಎಂದು ತಿಳಿಯುತ್ತದೆ: ಚಿತ್ರ ಅಲುಗುತ್ತದೆ, ಜಾಗ ಬಿಟ್ಟು ಕದಲುತ್ತದೆ, ಒಮ್ಮೊಮ್ಮೆ ಪರದೆಯಿಂದಲೇ ಮಾಯವಾಗುತ್ತದೆ. ‘ನಾನೇನೂ ಮಾಡಲಿಲ್ಲ, ಅದೇ ಹೋಯ್ತು’ ಎಂದು ಹಿರಿಯರು ಹೇಳುವುದು ಅಕ್ಷರಶಃ ನಿಜ. ಆದ್ದರಿಂದ ‘ಮುಟ್ಟಿ ಬಿಡಿ’ ಎನ್ನಬೇಕು. ಕುಂಕುಮ ಇಟ್ಟಹಾಗೆ ಎಂದರೆ ಅಜ್ಜಿಯರಿಗೆ ಮರುಮಾತಿಲ್ಲದೆ ಅರ್ಥವಾಗುತ್ತದೆ. ಸರಿಸಬೇಕಾದ ಕಡೆ ‘ಅಗುಳಿ ಸರಿಸಿದಹಾಗೆ’ ಎನ್ನಿ. ಜೊತೆಗೆ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ‘ಟಚ್ ಅಂಡ್ ಹೋಲ್ಡ್ ಡಿಲೇ’ ಎಂಬುದನ್ನು ‘ಲಾಂಗ್’ ಮಾಡಿಡಿ. ಬೆರಳು ತುಸು ತಡವಾಗಿ ಎದ್ದರೂ ಫೋನು ಕ್ಷಮಿಸುತ್ತದೆ.

ಎಷ್ಟು ಮುಟ್ಟಿದರೂ ಫೋನು ಕೇಳುತ್ತಿಲ್ಲವೆಂದರೆ ಬೆರಳನ್ನೇ ನೋಡಿ. ಪರದೆ ಗುರುತಿಸುವುದು ಚರ್ಮದ ವಿದ್ಯುತ್ ಗುಣವನ್ನು. ವಯಸ್ಸಾದಂತೆ ಚರ್ಮ ಒಣಗುತ್ತದೆ, ಅಡಿಕೆ ಸುಲಿದ, ಕುಡುಗೋಲು ಹಿಡಿದ ತೋರುಬೆರಳಿಗೆ ದಡ್ಡು ಕಟ್ಟಿರುತ್ತದೆ, ಉಗುರು ಬೆಳೆದಿದ್ದರೆ ತಗಲುವುದು ಉಗುರು ಮಾತ್ರ. ಉಂಗುರಬೆರಳಿನಿಂದಲೋ ನಡುಬೆರಳಿನಿಂದಲೋ ಪ್ರಯತ್ನಿಸಿ. ಪಕ್ಕದಲ್ಲಿ ಒಂದು ಒದ್ದೆ ಬಟ್ಟೆ ಇರಲಿ, ಬೆರಳು ಮುಟ್ಟಿಸಿ ಒರೆಸಿಕೊಂಡರೆ ಸಾಕು. ಮೂರು ವರ್ಷದ ಹಿಂದೆ ಅಂಟಿಸಿದ, ಅಂಚು ಎದ್ದ ದಪ್ಪ ಸ್ಕ್ರೀನ್ ಗಾರ್ಡನ್ನು ಕಿತ್ತು ಹೊಸದು ಹಾಕಿಸಿ.

ಇನ್ನು ಕರೆ ಎತ್ತುವುದು. ಇದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಅತಿ ಹೆಚ್ಚು ಎಡವುವುದು ಇಲ್ಲೇ. ವಾಟ್ಸ್‌ಆ್ಯಪ್ ಕರೆ ಒಂದೇ ಫೋನಿನಲ್ಲಿ ಎರಡು ವೇಷದಲ್ಲಿ ಬರುತ್ತದೆ. ಫೋನು ಮಲಗಿದ್ದಾಗ, ಅಂದರೆ ಪರದೆ ಆರಿದ್ದಾಗ ಬಂದರೆ ಇಡೀ ಪರದೆ ತುಂಬ ಕರೆ ಕಾಣುತ್ತದೆ, ಬಹಳಷ್ಟು ಫೋನುಗಳಲ್ಲಿ ಹಸಿರು ಗುರುತನ್ನು ಮೇಲಕ್ಕೆ ಸರಿಸಬೇಕು. ಅದೇ ಫೋನು ಕೈಯಲ್ಲಿದ್ದು ಏನೋ ನೋಡುತ್ತಿರುವಾಗ ಬಂದರೆ ಮೇಲ್ತುದಿಯಲ್ಲಿ ಸಣ್ಣ ಪಟ್ಟಿಯೊಂದು ಇಣುಕುತ್ತದೆ. ಅಲ್ಲಿ ಸರಿಸುವಂತಿಲ್ಲ, ಮುಟ್ಟಬೇಕು. ಮೊದಲ ವೇಷ ಮಾತ್ರ ಕಲಿತವರು ಎರಡನೆಯದರಲ್ಲಿ ಮೇಲಕ್ಕೆ ಸರಿಸಿದರೆ ಪಟ್ಟಿ ಮರೆಯಾಗುತ್ತದೆ, ಗಂಟೆ ಹೊಡೆಯುತ್ತಲೇ ಇರುತ್ತದೆ, ಎತ್ತುವುದೆಲ್ಲಿ ಎಂದು ತಿಳಿಯುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಅಭ್ಯಾಸ ಮಾಡಿಸಬೇಕು. ಪಟ್ಟಿಯಲ್ಲಿ ಹೆಸರಿರುವ ಜಾಗ ಮುಟ್ಟಿದರೆ ದೊಡ್ಡ ಪರದೆ ತೆರೆದುಕೊಳ್ಳುತ್ತದೆ ಎಂಬ ಉಪಾಯವನ್ನೂ ತೋರಿಸಿ.

ಅಭ್ಯಾಸ ಎಂದರೆ ಪಕ್ಕದ ಕೋಣೆಗೆ ಹೋಗಿ ಕರೆ ಮಾಡುವುದು. ಮೊದಲ ದಿನ ಐದು ಸಲ, ಆಮೇಲೆ ವಾರವಿಡೀ ದಿನಕ್ಕೆ ಎರಡು ಸಲ. ಹೇಳಿಕೊಡುವಾಗ ನಿಮ್ಮ ಕೈಗಳು ನಿಮ್ಮ ಬೆನ್ನ ಹಿಂದಿರಲಿ. ‘ಕೊಡಿಲ್ಲಿ, ಹೀಗೆ’ ಎಂದು ಫೋನು ಕಿತ್ತುಕೊಂಡರೆ ಕಲಿಯುವುದು ನಿಮ್ಮ ಬೆರಳೇ ಹೊರತು ಅವರದಲ್ಲ. ಎತ್ತುವುದು ಪಕ್ಕಾ ಆಗುವವರೆಗೆ ಕರೆ ಮಾಡುವುದನ್ನು ಕಲಿಸಬೇಡಿ. ಸ್ಟೇಟಸ್, ಫಾರ್ವರ್ಡ್, ಯೂಟ್ಯೂಬ್ ಎಲ್ಲ ಆಮೇಲೆ. ಹಂತಗಳನ್ನು ಚೀಟಿಯಲ್ಲಿ ಬರೆದಿಡುವುದಾದರೆ ಅವರೇ, ಅವರ ಮಾತಿನಲ್ಲೇ ಬರೆಯಲಿ. ‘ಕ್ಯಾಮೆರಾ ಐಕಾನ್’ ಎಂದು ನೀವು ಬರೆಯುವುದಕ್ಕಿಂತ ‘ಮೂಲೇಲಿರೋ ಸಣ್ಣ ಡಬ್ಬಿ’ ಎಂದು ಅವರು ಬರೆದದ್ದು ನಿಲ್ಲುತ್ತದೆ.

ಫೋನನ್ನು ಸಿದ್ಧಮಾಡುವ ಕೆಲಸ ಮಕ್ಕಳದು, ಅರ್ಧ ದಿನದ್ದು. ಹಬ್ಬಕ್ಕೆ ಬಂದಾಗ ಹೋಳಿಗೆ ಊಟದ ನಂತರ ಮುಗಿಸಬಹುದು. ಪರದೆ 30 ಸೆಕೆಂಡಿಗೆ ಆರುವಂತಿದ್ದರೆ ಕನ್ನಡಕ ಹುಡುಕುವಷ್ಟರಲ್ಲಿ ಕತ್ತಲು, 5 ನಿಮಿಷಕ್ಕೆ ಬದಲಿಸಿ. ಅಕ್ಷರ ದೊಡ್ಡದು ಮಾಡಿ, ಆದರೆ ಕೊನೆಯ ಅಳತೆಯವರೆಗೆ ಹೋಗಬೇಡಿ, ಗುಂಡಿಗಳು ಪರದೆಯಿಂದ ಆಚೆ ಜರುಗುತ್ತವೆ. ಪರದೆಯ ಅಂಚಿನಿಂದ ಬೆರಳು ಸರಿಸಿ ನಡೆಸುವ ‘ಜೆಸ್ಚರ್’ ಬದಲು ಕೆಳಗೆ ಮೂರು ಗುಂಡಿ ಕಾಣುವ ಹಳೆಯ ವ್ಯವಸ್ಥೆಯೇ ಇರಲಿ. ಜೆಸ್ಚರ್ ಇದ್ದರೆ ಅಂಗೈ ತಾಗಿದ್ದಕ್ಕೇ ಕರೆ ಮುದುಡಿ ಮೂಲೆಯ ಸಣ್ಣ ಚೌಕವಾಗುತ್ತದೆ. ಕರೆ ಮುಗಿಯಿತೆಂದುಕೊಂಡು ಆ ಕಡೆಯ ಸೊಸೆಯ ಬಗ್ಗೆ ಮಾತು ಶುರುವಾದರೆ ಅದೂ ಅಲ್ಲಿಗೆ ಕೇಳುತ್ತಿರುತ್ತದೆ. ಕೆಂಪು ಗುಂಡಿ ಮುಟ್ಟಿದ ಮೇಲಷ್ಟೇ ಕರೆ ಮುಗಿದಂತೆ ಎಂಬುದನ್ನು ಎರಡು ಸಲ ಹೇಳಿ.

ಫೋನು ರಿಂಗ್ ಆಗುವುದೇ ಇಲ್ಲ ಎಂಬ ದೂರಿಗೆ ಕಾರಣಗಳು ನಾಲ್ಕೈದೇ. ಬ್ಯಾಟರಿ ಉಳಿಸುವ ವ್ಯವಸ್ಥೆ ವಾಟ್ಸ್‌ಆ್ಯಪ್ಪನ್ನು ಹಿನ್ನೆಲೆಯಲ್ಲಿ ಮಲಗಿಸಿರುತ್ತದೆ, ಆ್ಯಪ್‌ನ ಬ್ಯಾಟರಿ ವಿಭಾಗದಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಆಯ್ದುಕೊಳ್ಳಿ. ಕೆಲವು ಕಂಪನಿಗಳ ಫೋನಿನಲ್ಲಿ ‘ಆಟೋಸ್ಟಾರ್ಟ್’ ಎಂಬುದನ್ನೂ ಚಾಲೂ ಮಾಡಬೇಕು. ನೋಟಿಫಿಕೇಷನ್ ಅನುಮತಿ ಇಲ್ಲದಿರಬಹುದು. ‘ಡು ನಾಟ್ ಡಿಸ್ಟರ್ಬ್’ ಆನ್ ಆಗಿರಬಹುದು. ವಾಟ್ಸ್‌ಆ್ಯಪ್‌ನಲ್ಲಿ ಅಪರಿಚಿತರ ಕರೆ ಮೌನಗೊಳಿಸುವ ಸೌಲಭ್ಯ ಹಾಕಿಟ್ಟಿದ್ದು, ಮಗ ಹೊಸ ನಂಬರಿನಿಂದ ಮಾಡುತ್ತಿದ್ದರೆ ಅವನೂ ಅಪರಿಚಿತನೇ. ನಂಬರುಗಳನ್ನು ದೇಶದ ಸಂಖ್ಯೆ ಸಮೇತ ಉಳಿಸಬೇಕು: ಅಮೆರಿಕಕ್ಕೆ +1, ಬ್ರಿಟನ್ನಿಗೆ +44, ಯುಎಇಗೆ +971.

ಇನ್ನೊಂದು ಸಣ್ಣ ವಿಷಯ. ಓದಲು ಕಷ್ಟವಾಗುವವರು ಹೆಸರಿಗಿಂತ ಮುಖ ನೋಡಿ ಗುರುತು ಹಿಡಿಯುತ್ತಾರೆ. ನೆಂಟರೆಲ್ಲರ ಡಿಪಿಯಲ್ಲೂ ಗಣಪತಿಯೋ ಸೂರ್ಯೋದಯವೋ ಇದ್ದರೆ ಯಾರಿಗೆ ಕರೆ ಮಾಡುವುದು? ಅವರವರ ಮುಖದ ಚಿತ್ರ ಹಾಕಲು ಹೇಳಿ. ದಿನವೂ ಮಾತಾಡುವ ನಾಲ್ಕು ಜನರ ಶಾರ್ಟ್‌ಕಟ್ಟನ್ನು ಮುಖಪರದೆಯಲ್ಲಿಟ್ಟು ಉಳಿದದ್ದನ್ನೆಲ್ಲ ಎರಡನೇ ಪುಟಕ್ಕೆ ಸರಿಸಿ.

ಮಾತಾಡುವಾಗ ಆ ಕಡೆಯವರಿಗೆ ಸೀಲಿಂಗ್ ಫ್ಯಾನೋ ಕಿವಿಯೋ ಕಾಣುವುದು ಎಲ್ಲ ಮನೆಯ ಅನುಭವ. ಫೋನನ್ನು ತೊಡೆಯ ಮೇಲಿಟ್ಟುಕೊಂಡರೆ ಫ್ಯಾನ್, ದನಿ ಕೇಳಿಸದೆ ಕಿವಿಗೆ ಹಿಡಿದರೆ ಕಿವಿ. ಎರಡಕ್ಕೂ ಮದ್ದು, ಕೈಯಿಂದ ಫೋನು ಬಿಡಿಸುವುದು. ಅಂಗಡಿಯ ಪ್ಲಾಸ್ಟಿಕ್ ಸ್ಟ್ಯಾಂಡಿಗಿಂತ ಮನೆಯಲ್ಲಿರುವ, ಪುಸ್ತಕ ಇಟ್ಟು ಓದುವ ವ್ಯಾಸಪೀಠ ಭದ್ರ. ಮರದ್ದು, ಅಲುಗುವುದಿಲ್ಲ, ಅದರೆದುರು ಕೂರುವ ಭಂಗಿಯೂ ಹಳೆಯ ಅಭ್ಯಾಸವೇ. ಫೋನನ್ನು ಅದರ ಮೇಲೆ ಅಡ್ಡವಾಗಿಡಿ. ನೆಟ್ಟಗೆ ನಿಲ್ಲಿಸಿದರೆ ಚಾರ್ಜರ್ ಚುಚ್ಚುವ ತುದಿ ಕೆಳಗೆ ಬರುತ್ತದೆ. ಸ್ಪೀಕರಿನ ರಂಧ್ರವೂ ಮೈಕೂ ಇರುವುದು ಅಲ್ಲೇ, ಪೀಠದ ಅಂಚಿಗೆ ಎರಡೂ ಮುಚ್ಚಿಹೋಗುತ್ತವೆ. ಪೀಠದ ಕೆಳಗೆ ಎರಡು ದಿಂಬೋ ಒಂದು ಸ್ಟೂಲೋ ಇಟ್ಟು ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರಲಿ. ಮುಖಕ್ಕೂ ಫೋನಿಗೂ ಒಂದು ಮೊಳ ಅಂತರ ಸಾಕು. ಕಿಟಕಿ ಎದುರಿಗಿರಬೇಕು, ಬೆನ್ನ ಹಿಂದಿದ್ದರೆ ಮುಖ ಕಪ್ಪು.

ದನಿ ಸಣ್ಣದಾದರೆ ಕರೆ ನಡೆಯುತ್ತಿರುವಾಗಲೇ ಪಕ್ಕದ ಗುಂಡಿಯಿಂದ ಹೆಚ್ಚಿಸಬೇಕು. ರಿಂಗಿನ ದನಿ ಬೇರೆ, ಕರೆಯ ದನಿ ಬೇರೆ. ದನಿಯೇ ಇಲ್ಲವೆಂದರೆ ಬ್ಲೂಟೂತ್ ನೋಡಿ. ಒಳಕೋಣೆಯಲ್ಲಿ ಮೊಮ್ಮಗನ ಇಯರ್‌ಬಡ್ ಒಳಗೆ ಅಜ್ಜನ ಕರೆ ಮೊಳಗುತ್ತಿರಬಹುದು. ರಂಧ್ರದ ಧೂಳನ್ನು ಒಣ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ, ಪಿನ್ನು ಚುಚ್ಚಬೇಡಿ.

ಕಿವಿ ಮಂದವಾದವರ ಜೊತೆ ಕಿರುಚುವುದು ದಂಡ. ವಯಸ್ಸಿನಿಂದ ಮೊದಲು ಕುಂದುವುದು ಎತ್ತರದ ಸ್ಥಾಯಿಯ ದನಿಗಳು. ಸ, ಶ ಥರದ ವ್ಯಂಜನಗಳು, ಸಣ್ಣ ಮಕ್ಕಳ ಮಾತು. ಕಿರುಚಿದರೆ ಸ್ವರಗಳು ಅಬ್ಬರಿಸುತ್ತವೆ, ವ್ಯಂಜನ ಸ್ಪಷ್ಟವಾಗುವುದಿಲ್ಲ. ನಿಧಾನವಾಗಿ ಮಾತಾಡಿ, ನಿಮ್ಮ ತುಟಿ ಬೆಳಕಿನಲ್ಲಿರಲಿ. ಅವರ ಅರ್ಧ ಕೇಳ್ವಿಕೆ ಕಣ್ಣಿನಲ್ಲೇ ನಡೆಯುತ್ತದೆ. ವಾಟ್ಸ್‌ಆ್ಯಪ್ ಗುಂಪು ಕರೆಯಲ್ಲಿ 32 ಜನ ಸೇರಬಹುದು, ಹಾಗೆಂದು ಸೇರಿಸಬೇಡಿ. ನಾಲ್ಕು ಮುಖ ದಾಟಿದರೆ ಚೌಕಗಳು ಅಂಚೆಚೀಟಿಯಷ್ಟಾಗುತ್ತವೆ, ಎಲ್ಲರೂ ಒಟ್ಟಿಗೆ ‘ಹೇಗಿದೀರಾ’ ಎಂದಾಗ ಒಂದೂ ತಿಳಿಯುವುದಿಲ್ಲ.

ಕರೆನ್ಸಿಯ ವಿಷಯವೂ ಇದೆ. 28 ದಿನದ ಪ್ಯಾಕ್ ಎಂದರೆ ವರ್ಷಕ್ಕೆ 13 ರೀಚಾರ್ಜ್, ತಿಂಗಳ ತಾರೀಕಿಗೆ ಹೊಂದುವುದಿಲ್ಲ. ಮುಗಿದ ದಿನ ಹಿರಿಯರಿಗೆ ಗೊತ್ತಾಗುವುದೇ ಇಲ್ಲ, ‘ಮಗ ಯಾಕೋ ಫೋನೇ ಮಾಡಲಿಲ್ಲ’ ಎಂದು ಕೂತಿರುತ್ತಾರೆ. ಸಾಧ್ಯವಿದ್ದವರು ವರ್ಷದ ಪ್ಯಾಕ್ ಹಾಕಿಸಿ. ಮನೆಯಲ್ಲಿ ವೈಫೈ ಇದೆಯೆಂದು ಸಿಮ್ಮನ್ನು ಮರೆಯುವುದು ಇನ್ನೂ ಕೆಟ್ಟದ್ದು. 90 ದಿನ ಬಳಕೆಯಿಲ್ಲದ ಪ್ರೀಪೇಯ್ಡ್ ನಂಬರು ಕೈತಪ್ಪಬಹುದು, ಅದರ ಜೊತೆ ವಾಟ್ಸ್‌ಆ್ಯಪ್ ಖಾತೆಯೂ.

ಉಡುಪಿ, ಮಂಗಳೂರು, ಭಟ್ಕಳ ಕಡೆಯವರಿಗೆ ಒಂದು ಮಾತು. ದುಬೈ, ಅಬುಧಾಬಿಯಲ್ಲಿರುವ ಮಕ್ಕಳ ಜೊತೆ ವಾಟ್ಸ್‌ಆ್ಯಪ್ ವಿಡಿಯೋ ಕಾಲ್ ಆಗದಿದ್ದರೆ ತಪ್ಪು ನಿಮ್ಮ ಫೋನಿನದಲ್ಲ, ಯುಎಇಯಲ್ಲಿ ಅದಕ್ಕೆ ನಿರ್ಬಂಧವಿದೆ. ಅಲ್ಲಿ ಅನುಮತಿಯಿರುವ ಬೋಟಿಮ್ ಥರದ ಆ್ಯಪ್ ಎರಡೂ ಕಡೆ ಇರಬೇಕು. ಆ್ಯಪ್‌ಗಳೂ ಶಾಶ್ವತವಲ್ಲ ಅನ್ನಿ. ಕಷ್ಟಪಟ್ಟು ಸ್ಕೈಪ್ ಕಲಿತ ಹಿರಿಯರ ಪಾಠವೆಲ್ಲ 2025ರ ಮೇ 5ಕ್ಕೆ ಮುಗಿಯಿತು. ಗುಂಡಿಗಳ ಜಾಗ ಆಗಾಗ ಬದಲಾಗುತ್ತಿರುತ್ತದೆ, ಹಾಗೆ ಬದಲಾದಾಗ ‘ನನಗೇ ಮರೆತುಹೋಯ್ತು’ ಎಂದು ಅವರು ಅಳುಕುತ್ತಾರೆ. ಬದಲಾದದ್ದು ಆ್ಯಪ್ ಎಂದು ಯಾರಾದರೂ ಅವರಿಗೆ ಹೇಳಬೇಕು.

ಕರೆ ಎತ್ತಲು ಕಲಿತವರು ಎಲ್ಲರ ಕರೆಯನ್ನೂ ಎತ್ತುತ್ತಾರೆ, ಅಪಾಯ ಅಲ್ಲಿದೆ. ಖಾಕಿ ತೊಟ್ಟು ‘ಡಿಜಿಟಲ್ ಅರೆಸ್ಟ್’ ಎನ್ನುವವರು ಬರುವುದೂ ವಿಡಿಯೋ ಕಾಲ್‌ನಲ್ಲೇ. ವಿಡಿಯೋ ಕರೆಯಲ್ಲಿ ಬಂಧಿಸುವ ಕ್ರಮ ನಮ್ಮ ಕಾನೂನಿನಲ್ಲಿಲ್ಲ. ಹೆಸರು ಕಾಣದ ಕರೆ ಎತ್ತುವುದು ಬೇಡ. ಎತ್ತಿದ್ದರೂ ಪರದೆ ಹಂಚಿಕೊಳ್ಳಿ ಎಂದವರ ಕರೆಯನ್ನು ಆ ಕ್ಷಣ ಕತ್ತರಿಸಬೇಕು, ಬ್ಯಾಂಕಿನ ಒಟಿಪಿ ಆ ಕಡೆಗೆ ಕಾಣುತ್ತದೆ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಈ ಸಂಖ್ಯೆಯೂ ಹಂತಗಳನ್ನು ಬರೆದ ಆ ಚೀಟಿಯಲ್ಲೇ ಇರಲಿ.

ನಮ್ಮ ಕೋರಿಕೆ ದೊಡ್ಡದಲ್ಲ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ (ಗ್ರಂಥಾಲಯಗಳಲ್ಲಿ) ವಾರಕ್ಕೆ ಒಂದು ಗಂಟೆ, ಮಧ್ಯಾಹ್ನ ಮೂರರ ಹೊತ್ತಿಗೆ, ಎನ್‌ಎಸ್‌ಎಸ್ ವಿದ್ಯಾರ್ಥಿಗಳನ್ನು ಕೂರಿಸಿ. ಒಬ್ಬ ಹಿರಿಯರಿಗೆ ಒಬ್ಬ ವಿದ್ಯಾರ್ಥಿ, ಕಲಿಕೆ ಅವರದೇ ಫೋನಿನಲ್ಲಿ. ಪ್ರೊಜೆಕ್ಟರ್ ಹಾಕಿ ನೂರು ಜನಕ್ಕೆ ತೋರಿಸುವ ಕಾರ್ಯಾಗಾರದಿಂದ ಊಟದ ಖರ್ಚು ಮಾತ್ರ. ತಮ್ಮ ಪತ್ರಿಕೆಯೂ ಹಿರಿಯರ ದಿನದಂದು ಕರೆ ಎತ್ತುವ ಎರಡು ವೇಷಗಳ ಚಿತ್ರವನ್ನು ದಪ್ಪ ಅಕ್ಷರದಲ್ಲಿ, ಕತ್ತರಿಸಿ ಗೋಡೆಗೆ ಅಂಟಿಸುವಂತೆ ಅಚ್ಚು ಹಾಕಿದರೆ ಉಪಕಾರವಾಗುತ್ತದೆ.

ಅಮೆರಿಕದಲ್ಲಿ ಮಕ್ಕಳಿರುವವರಿಗೆ ಕೊನೆಯದಾಗಿ ಒಂದು ಸೂಚನೆ. ನವೆಂಬರ್‌ನ ಮೊದಲ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ನ್ಯೂಜೆರ್ಸಿಯಿಂದ ಅಲ್ಲಿಯ ಬೆಳಗ್ಗೆ ಎಂಟೂವರೆಗೆ ಮಾಡುವ ಕರೆ ಇಲ್ಲಿಗೆ ಸಂಜೆ 6ಕ್ಕೆ ಬರುತ್ತಿದ್ದದ್ದು ಆ ದಿನದಿಂದ 7ಕ್ಕೆ ಬರುತ್ತದೆ, ಮಾರ್ಚ್‌ನ ಎರಡನೇ ಭಾನುವಾರದವರೆಗೂ ಹಾಗೆಯೇ. ಇದನ್ನು ಮೊದಲೇ ಹೇಳಿ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿಡಿ. ಇಲ್ಲದಿದ್ದರೆ ಆ ಸಂಜೆ ಆರರಿಂದ ಏಳರವರೆಗೆ ವ್ಯಾಸಪೀಠದ ಎದುರು ಒಬ್ಬರು ಸುಮ್ಮನೆ ಕಾಯುತ್ತ ಕೂತಿರುತ್ತಾರೆ.

ಇತಿ,
ಹಿರಿಯರಿಗೆ ಮೊಬೈಲ್ ಬಳಕೆ ಹೇಳಿಕೊಡುವವರು,
ಶಿವಮೊಗ್ಗ