ಕೂಲರ್ ಕೊಳ್ಳುವ ಮುನ್ನ ನೀರಿನ ಲೆಕ್ಕವನ್ನೂ ಹಾಕಬೇಕು

ಮಾನ್ಯ ಸಂಪಾದಕರೆ,

ಬೇಸಿಗೆ ಕಾಲಿಟ್ಟರೆ ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರದ ಅಂಗಡಿಗಳ ಮುಂದೆ ಏರ್ ಕೂಲರ್‌ಗಳು ಸಾಲಾಗಿ ಬಂದು ನಿಲ್ಲುತ್ತವೆ. ಎ.ಸಿ. ಹಾಕಿಸುವ ಶಕ್ತಿಯಿಲ್ಲದ ಮನೆಗಳಿಗೆ ಇದು ದೊಡ್ಡ ಆಸರೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅನೇಕ ಕಡೆ ಇದನ್ನು ‘ಕಡಿಮೆ ಬೆಲೆಯ ಎ.ಸಿ.’ ಎಂದು ಹೇಳಿ ಮಾರಲಾಗುತ್ತಿದೆ. ಆ ಮಾತನ್ನು ನಂಬಿ ಕಿಟಕಿ, ಬಾಗಿಲುಗಳನ್ನು ಭದ್ರವಾಗಿ ಮುಚ್ಚಿ ಕೂಲರ್ ಹಾಕಿಕೊಂಡವರು ಸ್ವಲ್ಪ ಹೊತ್ತಿನಲ್ಲೇ ಮೈಯೆಲ್ಲ ಅಂಟಂಟಾಗಿ, ಯಂತ್ರವೇ ಸರಿಯಿಲ್ಲವೆಂದು ಬೇಸರಪಡುವುದನ್ನು ಪ್ರತಿ ಬೇಸಿಗೆಯಲ್ಲೂ ಕಾಣುತ್ತಿದ್ದೇನೆ.

ಕೂಲರ್ ಗಾಳಿಯನ್ನು ತಂಪು ಮಾಡುವುದು ನೀರನ್ನು ಆವಿಯಾಗಿಸಿ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೂಲ್‌ನಷ್ಟು ಶಾಖವನ್ನು ಹೀರಿಕೊಳ್ಳುತ್ತದೆ. ಆದರೆ ಆ ನೀರೆಲ್ಲ ತೇವವಾಗಿ ಕೋಣೆಯ ಗಾಳಿಯನ್ನೇ ಸೇರುತ್ತದೆ. ತೇವದ ಗಾಳಿ ಹೊರಹೋಗಲು ದಾರಿಯಿಲ್ಲದಿದ್ದರೆ ಕೂಲರಿನಲ್ಲಿ ನೀರು ಹೀರಿ ಒದ್ದೆಯಾಗಿರುವ ಪ್ಯಾಡಿನ ನೀರೂ ಆರುವುದಿಲ್ಲ, ಮೈಯ ಬೆವರೂ ಆರುವುದಿಲ್ಲ. ರೇಷ್ಮೆ ಬೆಳೆಯುವ ನಮಗೆ ಇದು ಹೊಸ ಪಾಠವೇನಲ್ಲ. ಬಿಸಿಲ ದಿನಗಳಲ್ಲಿ ಹುಳು ಮನೆಯ ಕಿಟಕಿಗಳಿಗೆ ಗೋಣಿತಾಟು ಕಟ್ಟಿ ನೀರು ಚಿಮುಕಿಸುವುದು ಇದೇ ತತ್ವದ ಮೇಲೆ. ಚಾಕಿ ಹುಳುವಿಗೆ, ಅಂದರೆ ಎಳೆಯ ಮರಿಹುಳುವಿಗೆ, ಗಾಳಿಯಲ್ಲಿ ಶೇ 85ರಷ್ಟು ತೇವಾಂಶ ಬೇಕಾದರೆ ದೊಡ್ಡ ಹುಳುವಿಗೆ ಶೇ 70 ಸಾಕು. ಗಾಳಿಯಾಡದೆ ತೇವ ನಿಂತರೆ ಸುಣ್ಣಕಟ್ಟು ರೋಗ ಕಾಲಿಡುತ್ತದೆಂದು ತಿಳಿದೇ ನಾವು ಕಿಟಕಿ ತೆರೆಯುತ್ತೇವೆ. ಹುಳುವಿನ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ಮನೆಯವರೇ ತಾವು ಮಲಗುವ ಕೋಣೆಯನ್ನು ಮುಚ್ಚಿಕೊಳ್ಳುವುದು ನನಗೆ ಅರ್ಥವಾಗದ ಸಂಗತಿ. ಕೂಲರನ್ನು ಕಿಟಕಿಗೆ ಒತ್ತಿ, ಹೊರಗಿನ ಒಣಗಾಳಿ ಅದರ ಹಿಂಬದಿಯಿಂದ ಒಳಬರುವಂತೆ ಇಟ್ಟು, ಎದುರಿನ ಕಿಟಕಿಯನ್ನೋ ಬಾಗಿಲನ್ನೋ ತೆರೆದಿಡಬೇಕು.

ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ಬಯಲುಸೀಮೆಯ ಗಾಳಿ ಚೆನ್ನಾಗಿ ಒಣಗಿರುತ್ತದೆ. ಹೊರಗೆ 36 ಡಿಗ್ರಿ ಸೆಲ್ಸಿಯಸ್ ಬಿಸಿಲಿದ್ದು ತೇವಾಂಶ ಶೇ 25ರಷ್ಟಿದ್ದರೆ, ಒಳ್ಳೆಯ ಪ್ಯಾಡ್ ಇರುವ ಕೂಲರಿನ ಬಾಯಿಂದ ಬರುವ ಗಾಳಿ 25 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮೇ ತಿಂಗಳಲ್ಲಿ ಮಳೆ ಬಿದ್ದು ತೇವಾಂಶ ಶೇ 60ಕ್ಕೆ ಏರಿದಾಗ, ಹೊರಗೆ 33 ಡಿಗ್ರಿಯಷ್ಟೇ ಇದ್ದರೂ ಅದೇ ಕೂಲರ್ 28 ಡಿಗ್ರಿಗಿಂತ ಕೆಳಗೆ ಇಳಿಸಲಾರದು. ಆಗ ಪಂಪನ್ನು ನಿಲ್ಲಿಸಿ ಫ್ಯಾನನ್ನಷ್ಟೇ ನಡೆಸುವುದು ಮೇಲು. ಮನೆಯಲ್ಲೇ ರೀಲಿಂಗ್ (ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಕೆಲಸ) ನಡೆಸುವವರಿಗೆ, ಅಂದರೆ ಗೂಡು ಬೇಯಿಸುವ ಹಬೆ ಒಳಮನೆಯವರೆಗೂ ಹರಡುವ ಕಡೆ, ಕೂಲರ್‌ಗೆ ಹಾಕುವ ದುಡ್ಡು ವ್ಯರ್ಥ; ಅಲ್ಲಿ ಬೇಕಾದುದು ಹಬೆಯನ್ನು ಹೊರದೂಡುವ ಎಕ್ಸಾಸ್ಟ್ ಫ್ಯಾನ್.

ವಿದ್ಯುತ್ತಿನ ಲೆಕ್ಕದಲ್ಲಿ ಕೂಲರ್ ನಿಸ್ಸಂದೇಹವಾಗಿ ಗೆಲ್ಲುತ್ತದೆ. 150 ವಾಟ್‌ನ ಕೂಲರ್ ದಿನಕ್ಕೆ ಎಂಟು ಗಂಟೆ ನಡೆದರೆ ತಿಂಗಳಿಗೆ 36 ಯೂನಿಟ್ ಆಗುತ್ತದೆ. ಒಂದೂವರೆ ಟನ್‌ನ ಎ.ಸಿ. ಅಷ್ಟೇ ಹೊತ್ತು ನಡೆದರೆ ಇದರ ಹಲವು ಪಟ್ಟು ಉರಿಯುತ್ತದೆ. ಗೃಹಜ್ಯೋತಿಯ 200 ಯೂನಿಟ್‌ನ ಗಡಿ ದಾಟಿ ಪೂರ್ತಿ ಬಿಲ್ಲು ಕಟ್ಟಬೇಕಾದ ಭಯವಿರುವ ಕುಟುಂಬಕ್ಕೆ ಇದು ಸಣ್ಣ ಮಾತಲ್ಲ. ಕರೆಂಟು ಹೋದಾಗ ಸಣ್ಣ ಕೂಲರ್ ಮನೆಯ ಯು.ಪಿ.ಎಸ್. ಮೇಲೂ ನಡೆಯುತ್ತದೆ.

ನನ್ನ ಚಿಂತೆ ಇರುವುದು ನೀರಿನದು. ಬೇಸಿಗೆಯಲ್ಲಿ ಹರಿಯುವ ಒಂದೂ ಹೊಳೆಯಿಲ್ಲದ ಜಿಲ್ಲೆ ನಮ್ಮದು. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯ ನೀರನ್ನು ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ಯೋಜನೆಯ ಮೂಲಕ ತಂದು ಕೆರೆಗಳನ್ನು ತುಂಬಿಸುವ ಸ್ಥಿತಿಯಲ್ಲಿದ್ದೇವೆ. ಗಂಟೆಗೆ ಐದು ಲೀಟರ್ ಆವಿಯಾಗಿಸುವ ಕೂಲರ್ ಎಂಟು ಗಂಟೆಯಲ್ಲಿ 40 ಲೀಟರ್ ಕುಡಿಯುತ್ತದೆ. ಜಲಜೀವನ್ ಮಿಷನ್ ಅಡಿಯಲ್ಲಿ ಗ್ರಾಮೀಣ ಪ್ರದೇಶದ ಒಬ್ಬ ವ್ಯಕ್ತಿಗೆ ದಿನಕ್ಕೆ ನಿಗದಿಯಾಗಿರುವುದು 55 ಲೀಟರ್ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಟ್ಯಾಂಕರ್ ನೀರನ್ನು ಸಂಪಿಗೆ ತುಂಬಿಸಿಕೊಳ್ಳುವ ಮನೆಗೆ ಇದು ನೇರವಾದ ಖರ್ಚೂ ಹೌದು. ಗಾಳಿ ಒಣಗಿದಷ್ಟೂ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಅಷ್ಟೇ ಹೆಚ್ಚು ನೀರನ್ನೂ ಕೇಳುತ್ತದೆ. ಹಾಗಾಗಿ ಅದನ್ನು ಬಿಸಿಲು ಏರಿದ ಹೊತ್ತಿಗೆ, ಮನೆಯವರು ನಿಜವಾಗಿ ಕೂರುವ ಒಂದು ಕೋಣೆಗೆ ಸೀಮಿತಗೊಳಿಸುವುದು ಒಳ್ಳೆಯದು. ಏಪ್ರಿಲ್‌ನಲ್ಲೂ ನಮ್ಮಲ್ಲಿ ನಡುರಾತ್ರಿಯ ನಂತರ ತಣ್ಣನೆಯ ಗಾಳಿ ಬೀಸುತ್ತದೆ. ಆ ಹೊತ್ತಿನಲ್ಲಿ ಪಂಪು ಓಡಿಸಬೇಕಾದ ಅಗತ್ಯವೇ ಇರುವುದಿಲ್ಲ.

ಕೊಳವೆಬಾವಿಯ ಗಡಸು ನೀರು ಇನ್ನೊಂದು ತೊಂದರೆ ತರುತ್ತದೆ. ಆವಿಯಾಗುವುದು ನೀರು ಮಾತ್ರ, ಅದರಲ್ಲಿ ಕರಗಿದ ಲವಣ ಹಿಂದೆಯೇ ಉಳಿಯುತ್ತದೆ. ಲೀಟರಿಗೆ 1,000 ಮಿಲಿಗ್ರಾಂ ಲವಣವಿರುವ ನೀರು ಹಾಕಿದರೆ ದಿನಕ್ಕೆ 40 ಗ್ರಾಂ ಲವಣ ಪ್ಯಾಡಿನಲ್ಲೂ ತೊಟ್ಟಿಯಲ್ಲೂ ಸೇರುತ್ತಾ ಹೋಗುತ್ತದೆ. ಪ್ಯಾಡಿನ ಮೇಲೆ ಬೆಳ್ಳನೆಯ ಗಟ್ಟಿ ಪದರ ಕಟ್ಟುವುದು, ಪಂಪಿನ ತೂತು ಮುಚ್ಚಿಕೊಂಡು ಪ್ಯಾಡಿನ ಅರ್ಧಭಾಗ ಒಣಗಿಯೇ ಉಳಿಯುವುದು ಇದರಿಂದಲೇ. ತಳದ ನೀರನ್ನು ಮೇಲಿಂದ ಮೇಲೆ ಬಸಿದು ಹೊಸ ನೀರು ಹಾಕಬೇಕು. ಬಸಿದ ನೀರನ್ನು ಉಪ್ಪಿನ ಅಂಶದಿಂದಾಗಿ ಗಿಡಗಳಿಗೆ ಹಾಕುವುದಕ್ಕಿಂತ ಶೌಚಾಲಯಕ್ಕೆ ಬಳಸಬಹುದು. ಕೊಳೆತ ವಾಸನೆ ಬರುವ ಪ್ಯಾಡ್ ಇಟ್ಟುಕೊಂಡು ಉಬ್ಬಸವಿರುವವರನ್ನು ಅದರ ಮುಂದೆ ಮಲಗಿಸುವುದಂತೂ ಸಲ್ಲದು.

ಸೊಳ್ಳೆಯ ವಿಷಯವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದ ನಿಂತ ತಿಳಿನೀರು ಕೂಲರಿನ ತೊಟ್ಟಿಯಲ್ಲಿ ತಾನಾಗಿಯೇ ಸಿಗುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಆ ಮೊಟ್ಟೆಗಳು ನೀರಿನ ಅಂಚಿನ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ಬದುಕಿರುತ್ತವೆ. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲುವುದಷ್ಟೇ ಸಾಲದು, ತೊಟ್ಟಿಯ ಒಳಬದಿಯನ್ನು ತಿಕ್ಕಿ ತೊಳೆಯಲೇಬೇಕು. ಬೇಸಿಗೆ ಮುಗಿದ ಮೇಲೆ ತಳದಲ್ಲಿ ನಾಲ್ಕು ಬೆರಳು ನೀರು ಉಳಿಸಿಯೇ ಕೂಲರನ್ನು ತಾರಸಿಗೆ ಸಾಗಿಸುವವರಿದ್ದಾರೆ. ಮಳೆಗಾಲದ ಜ್ವರಕ್ಕೆ ಅದು ಆಹ್ವಾನ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಪಡಿಸಿದೆ. ಲಾರ್ವಾ ಸಮೀಕ್ಷೆಗೆ ಬರುವ ಆಶಾ ಕಾರ್ಯಕರ್ತೆಯರಿಗೆ ಡ್ರಮ್ಮು, ಸಂಪು ತೋರಿಸುವ ನಾವು ಕೂಲರಿನ ತೊಟ್ಟಿಯನ್ನೂ ತೆರೆದು ತೋರಿಸಬೇಕು.

ತಗಡಿನ ಮೈಯ ಕೂಲರ್‌ಗೆ ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ ಕಡ್ಡಾಯ. ನೀರು ತುಂಬುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಮಕ್ಕಳಿರುವ ಮನೆಯಲ್ಲಿ ಈ ಒಂದು ವಿಷಯದಲ್ಲಿ ರಾಜಿ ಬೇಡ.

ಕೂಲರ್ ಮಾರುವವರಲ್ಲಿ ನನ್ನದೊಂದು ಕಳಕಳಿಯ ವಿನಂತಿ. ಗಂಟೆಗೆ ಎಷ್ಟು ಲೀಟರ್ ನೀರು ಬೇಕು, ಎಷ್ಟು ಕಿಟಕಿ ತೆರೆದಿಡಬೇಕು, ತೊಟ್ಟಿಯನ್ನು ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು ಎಂಬುದನ್ನು ಕನ್ನಡದಲ್ಲಿ ಬರೆದ ಚೀಟಿಯನ್ನು ಪ್ರತಿ ಕೂಲರಿನ ಮೇಲೂ ಅಂಟಿಸಲಿ. ಕಂಪನಿಗಳು ಕೊಡುವ ಸಣ್ಣ ಅಕ್ಷರದ ಇಂಗ್ಲಿಷ್ ಪುಸ್ತಿಕೆಯನ್ನು ನಮ್ಮ ಊರುಗಳಲ್ಲಿ ಬಿಡಿಸಿ ನೋಡುವವರು ವಿರಳ. ನಗರಸಭೆಯವರೂ ಆರೋಗ್ಯ ಇಲಾಖೆಯವರೂ ಮಾರ್ಚ್‌ಗೆ ಮೊದಲೇ ಅಂಗಡಿಯವರನ್ನು ಕರೆಸಿ ಇದನ್ನು ತಿಳಿಹೇಳುವುದು ಸಾಧ್ಯವಿದೆ.

– ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ ತಾಲ್ಲೂಕು