ಒಂದೇ ಒಂದು ಸುಳ್ಳು ಹೇಳು, ಉಳಿದದ್ದೆಲ್ಲ ನಿಜ ಇರಲಿ

ಪ್ರೀತಿಯ ತಂಗಿಗೆ,

ವೈಜ್ಞಾನಿಕ ಕಾದಂಬರಿ ಬರೆಯಬೇಕು, ಸುಮ್ನೆ ರಾಕೆಟ್ಟು ರೋಬೋಟು ಅಂತ ಆಗಬಾರದು, ಓದಿದವರ ತಲೆಯಲ್ಲಿ ನಾಲ್ಕು ದಿನ ಕೊರೆಯಬೇಕು, ಅದಕ್ಕೆ ಏನು ಓದಲಿ ಅಂತ ಕೇಳಿದ್ದೀಯ. ಉದ್ದದ ಪಟ್ಟಿಗಳು ಎಲ್ಲಿ ಬೇಕಾದರೂ ಸಿಗುತ್ತವೆ. ನಾನು ಕೆಲವೇ ಪುಸ್ತಕ ಹೇಳುತ್ತೇನೆ, ಯಾಕೆ ಅನ್ನುವುದನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ.

ನನ್ನನ್ನು ಬಿಡದೆ ಕಾಡಿದ ಈ ಬಗೆಯ ಕಾದಂಬರಿಗಳಲ್ಲಿ ಲೇಖಕರು ಒಂದೇ ಒಂದು ಸುಳ್ಳು ಹೇಳಿರುತ್ತಾರೆ. ಆಮೇಲೆ ಆ ಸುಳ್ಳಿನೊಳಗೆ ಬದುಕುವವರ ಊಟ, ಬಟ್ಟೆ, ಭಯ, ಹೊಟ್ಟೆಕಿಚ್ಚು ಎಲ್ಲವನ್ನೂ ಒಂಚೂರೂ ಮೋಸ ಮಾಡದೆ ಬರೆದಿರುತ್ತಾರೆ. ನೀನು ಹುಡುಕುತ್ತಿರುವ ಆಳ ಅಲ್ಲಿಂದಲೇ ಬರುವುದು.

ಮೊದಲು ಆಕ್ಟೇವಿಯಾ ಬಟ್ಲರ್ ಅವರ ‘ಕಿಂಡ್ರೆಡ್’ (1979) ಓದು. ಡೇನಾ ಅನ್ನುವ ಕಪ್ಪು ಹೆಂಗಸು, ತಾನೂ ಬರಹಗಾರ್ತಿ, 1976ರಲ್ಲಿ ಗಂಡನ ಜೊತೆ ಕ್ಯಾಲಿಫೋರ್ನಿಯಾದ ಹೊಸ ಮನೆಯಲ್ಲಿ ಪುಸ್ತಕ ಜೋಡಿಸುತ್ತಿರುತ್ತಾಳೆ. ತಲೆ ಸುತ್ತುತ್ತದೆ. ನೋಡಿದರೆ ಎದುರಿಗೆ ಒಂದು ಹೊಳೆ, ಅದರಲ್ಲಿ ಒಬ್ಬ ಬಿಳಿ ಹುಡುಗ ಮುಳುಗುತ್ತಿದ್ದಾನೆ. ಅದು 19ನೇ ಶತಮಾನದ ಮೇರಿಲ್ಯಾಂಡ್. ಆ ಹುಡುಗ ಗುಲಾಮರನ್ನು ಇಟ್ಟುಕೊಂಡ ಜಮೀನುದಾರನ ಮಗ, ಮುಂದೆ ತಾನೂ ಅಂಥವನೇ ಆಗುವವನು, ಮತ್ತು ಡೇನಾಳ ಸ್ವಂತ ಪೂರ್ವಜ. ಅವನು ಬೇಗ ಸತ್ತರೆ ಇವಳ ವಂಶವೇ ಇಲ್ಲ. ಅವನ ಜೀವಕ್ಕೆ ಕುತ್ತು ಬಂದಾಗೆಲ್ಲ ಇವಳು ಅಲ್ಲಿಗೆ ಹೋಗಿ ಬೀಳುತ್ತಾಳೆ, ತನ್ನ ಜೀವ ಹೋಗುತ್ತದೆ ಅನ್ನಿಸಿದಾಗ ಮಾತ್ರ ವಾಪಸ್ ಬರುತ್ತಾಳೆ.

ಇದೆಲ್ಲ ಹೇಗಾಯಿತು? ಬಟ್ಲರ್ ಹೇಳುವುದೇ ಇಲ್ಲ. ಯಂತ್ರ ಇಲ್ಲ, ಸೂತ್ರ ಇಲ್ಲ. ಆದರೆ ಮತ್ತೆ ಯಾವಾಗ ಹೋಗುತ್ತೇನೋ ಅಂತ ಡೇನಾ ಬಟ್ಟೆ, ಚಾಕು, ಆಸ್ಪಿರಿನ್ ಎಲ್ಲ ತುಂಬಿದ ಚೀಲವನ್ನು ಮೈಗೇ ಕಟ್ಟಿಕೊಳ್ಳುತ್ತಾಳೆ ನೋಡು, ಆ ಚೀಲ ಕಂಡ ಮೇಲೆ ಕಾಲಪ್ರಯಾಣದ ಬಗ್ಗೆ ನಮ್ಮ ಅನುಮಾನವೆಲ್ಲ ಅಲ್ಲಿಗೇ ಮುಗಿಯುತ್ತದೆ. ನಿನ್ನ ಕರಡಿನಲ್ಲಿ ಯಂತ್ರ ಹೇಗೆ ಓಡುತ್ತದೆ ಅನ್ನುವುದಕ್ಕೇ ಪುಟಗಟ್ಟಲೆ ಹೋಗಿದೆ, ಅದರ ಮುಂದೆ ನಿಂತ ಹುಡುಗಿಯ ಜೇಬಿನಲ್ಲಿ ಏನಿದೆ ಅಂತ ಒಂದು ಸಾಲೂ ಇಲ್ಲ. ಇನ್ನೊಂದು ವಿಷಯ. ಆ ಜಮೀನುದಾರನ ಮನೆಯಲ್ಲಿ ದಿನ ಕಳೆದ ಹಾಗೆ ಡೇನಾಗೆ ಆ ಬದುಕು ರೂಢಿಯಾಗುತ್ತಾ ಹೋಗುತ್ತದೆ, ಚಾಟಿಯ ಏಟಿಗಿಂತ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು ಅದು. ಅವಳು ಕೊನೆಯ ಸಲ ವಾಪಸ್ ಬರುವುದು 1976ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯಕ್ಕೆ 200 ವರ್ಷ ತುಂಬಿದ ದಿನ. ಬಟ್ಲರ್ ಅದರ ಮೇಲೆ ಉಪನ್ಯಾಸ ಕೊಡುವುದಿಲ್ಲ.

ಆಮೇಲೆ ಪೋಲೆಂಡಿನ ಸ್ಟಾನಿಸ್ಲಾವ್ ಲೆಮ್ ಅವರ ‘ಸೊಲಾರಿಸ್’ (1961). ಒಂದು ಗ್ರಹದ ತುಂಬ ಸಮುದ್ರ, ಆ ಸಮುದ್ರಕ್ಕೇ ಏನೋ ಒಂದು ಬಗೆಯ ಬುದ್ಧಿ. ಅಲ್ಲಿನ ನಿಲ್ದಾಣಕ್ಕೆ ಬಂದ ಕೆಲ್ವಿನ್ ಎಂಬ ಮನಶ್ಶಾಸ್ತ್ರಜ್ಞನ ಮುಂದೆ, ವರ್ಷಗಳ ಹಿಂದೆ ಆತ್ಮಹತ್ಯೆ ಮಾಡಿಕೊಂಡ ಅವನ ಸಂಗಾತಿ ಬಂದು ಕೂರುತ್ತಾಳೆ. ಸಮುದ್ರ ಅವನ ನೆನಪಿನಿಂದಲೇ ಅವಳನ್ನು ಮಾಡಿ ಕಳಿಸಿರುತ್ತದೆ. ಅವಳು ಬಟ್ಟೆ ಬದಲಾಯಿಸಬೇಕಾಗಿ ಬರುತ್ತದೆ, ಆಗುವುದಿಲ್ಲ. ಬಿಳಿ ಉಡುಪಿನ ಮೇಲೆ ಕೆಂಪು ಗುಂಡಿಗಳಿವೆ, ಆದರೆ ಸುಮ್ನೆ ಅಲಂಕಾರಕ್ಕೆ. ಬಿಚ್ಚಲು ಜಿಪ್ಪೂ ಇಲ್ಲ, ಕೊಂಡಿಯೂ ಇಲ್ಲ. ಕತ್ತರಿಸಿಯೇ ತೆಗೆಯಬೇಕು. ನಾವು ಪ್ರೀತಿಸಿದವರ ಬಟ್ಟೆಯ ಬಣ್ಣ ನೆನಪಿರುತ್ತದೆ, ಗುಂಡಿ ಹೇಗೆ ಹಾಕಿಕೊಳ್ಳುತ್ತಿದ್ದರು ಅನ್ನುವುದು ನೆನಪಿರುತ್ತದಾ? ಕೆಲ್ವಿನ್ ಹೆದರಿ ಅವಳನ್ನು ರಾಕೆಟ್ಟಿಗೆ ಹತ್ತಿಸಿ ಕಳಿಸಿಬಿಡುತ್ತಾನೆ. ಅವಳು ಮತ್ತೆ ಬರುತ್ತಾಳೆ, ಏನೂ ಆಗದವಳ ಹಾಗೆ. ಅವಳ ಉಡುಪನ್ನೂ ಕತ್ತರಿಸಬೇಕಾಗುತ್ತದೆ, ಹಾಗೆ ಕತ್ತರಿಸಿದ ಒಂದೇ ಥರದ ಎರಡು ಉಡುಪು ಕೋಣೆಯಲ್ಲಿ ಉಳಿಯುತ್ತವೆ. ಇಡೀ ಕಾದಂಬರಿಯಲ್ಲಿ ಇದಕ್ಕಿಂತ ದೊಡ್ಡ ಬಾಹ್ಯಾಕಾಶದ ದೃಶ್ಯಗಳಿವೆ, ನನಗೆ ಮಾತ್ರ ಇದನ್ನು ಮರೆಯಲು ಆಗಿಲ್ಲ.

ಸಿದ್ಧಾಂತದ ಕಾದಂಬರಿ ಬರೆಯುವ ಆಸೆ ನಿನಗೆ ಇದೆ ಅಲ್ವಾ, ಹಾಗಿದ್ದರೆ ಉರ್ಸುಲಾ ಲೆ ಗ್ವಿನ್ ಅವರ ‘ದಿ ಡಿಸ್‌ಪೊಸೆಸ್ಡ್’ (1974) ಬೇಕೇ ಬೇಕು. ಅನಾರಿಸ್ ಅನ್ನುವ ಜಗತ್ತಿನಲ್ಲಿ ಸ್ವಂತ ಆಸ್ತಿ ಇಲ್ಲ, ಸರ್ಕಾರ ಇಲ್ಲ. ಅದನ್ನು ಒಂದು ಮಗುವಿನಿಂದ ತೋರಿಸುತ್ತಾರೆ. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಮಗು ಕೂತಿದೆ. ಇನ್ನೊಂದು ಗುಂಡು ಮಗು ಬಂದು ಪಕ್ಕದಲ್ಲಿ ಕೂರುತ್ತದೆ. ಮೊದಲನೆಯದು ಅದನ್ನು ತಳ್ಳಿ, ಬಿಸಿಲು ನಂದು ಅಂತ ಕಿರುಚುತ್ತದೆ. ನೋಡಿಕೊಳ್ಳುವ ಹೆಂಗಸು, ಯಾವುದೂ ನಿನ್ನದಲ್ಲ, ಹಂಚಿಕೊಳ್ಳದಿದ್ದರೆ ನಿನಗೂ ಇಲ್ಲ ಅಂತ ಮಗುವನ್ನು ಬಿಸಿಲಿನಿಂದ ಎತ್ತಿಬಿಡುತ್ತಾಳೆ. ಸರಿಯಾ ತಪ್ಪಾ? ಇಷ್ಟು ಸಲ ಓದಿಯೂ ನನಗೆ ತೀರ್ಮಾನ ಮಾಡಲು ಆಗಿಲ್ಲ. ಲೆ ಗ್ವಿನ್ ಗೆ ಈ ಸಮಾಜದ ಮೇಲೆ ಪ್ರೀತಿ ಇದೆ, ಆದರೂ ಅಲ್ಲಿ ಬರಗಾಲ ತರುತ್ತಾರೆ, ಆ ಮಗುವೇ ಬೆಳೆದು ವಿಜ್ಞಾನಿಯಾದಾಗ ಅವನ ಕೆಲಸಕ್ಕೆ ಅಡ್ಡಗಾಲು ಹಾಕುವ ಹಿರಿಯನನ್ನೂ ತರುತ್ತಾರೆ. ತಾನು ನಂಬಿದ ವಿಚಾರಕ್ಕೇ ಇಷ್ಟು ಕಠಿಣವಾಗಿ ಪ್ರಶ್ನೆ ಕೇಳುವ ಧೈರ್ಯ ನಿನಗೂ ಬರಲಿ ಅಂತ ನನ್ನ ಆಸೆ.

ಸ್ಟ್ರುಗಾಟ್‌ಸ್ಕಿ ಅಣ್ಣತಮ್ಮಂದಿರ ‘ರೋಡ್‌ಸೈಡ್ ಪಿಕ್ನಿಕ್’ (1972) ಚಿಕ್ಕದು, ಬೇಗ ಓದಿಸಿಕೊಂಡು ಹೋಗುತ್ತದೆ. ಅನ್ಯಗ್ರಹದವರು ಬಂದರು, ನಮ್ಮನ್ನು ತಿರುಗಿಯೂ ನೋಡದೆ ಹೋದರು, ಕಸ ಉಳಿಯಿತು. ಆ ಕಸ ಕದ್ದು ಮಾರಿ ಹೊಟ್ಟೆ ಹೊರೆಯುವವರ ಕಥೆ. ಕಣ್ಣಿಗೆ ಕಾಣದ ಅಪಾಯ ಮುಂದಿದೆಯಾ ಅಂತ ತಿಳಿಯಲು ಅವರು ನಟ್ಟು ಎಸೆದು ನೋಡಿ ಹೆಜ್ಜೆ ಇಡುತ್ತಾರೆ.

ಮನೆಯ ಹತ್ತಿರದ್ದೂ ಒಂದು ಇರಲಿ. ತೇಜಸ್ವಿಯವರ ‘ಕರ್ವಾಲೊ’ ನೀನು ಓದಿಯೇ ಇರುತ್ತೀಯ. ಅದನ್ನು ವೈಜ್ಞಾನಿಕ ಕಾದಂಬರಿಗಳ ಸಾಲಿಗೆ ಸೇರಿಸಬೇಕಾ ಅಂತ ಜಗಳ ಬೇಡ. ಅದರಲ್ಲಿ ಹುಡುಕಿಕೊಂಡು ಹೋಗುವ ಹಾರುವ ಓತಿ ಪಶ್ಚಿಮ ಘಟ್ಟದಲ್ಲಿ ನಿಜಕ್ಕೂ ಇದೆ. ಆದರೆ ದೊಡ್ಡ ವಿಜ್ಞಾನಿಯೊಬ್ಬ, ಊರವರು ಪೋಲಿ ಅಂದುಕೊಂಡ ಜೇನು ಹಿಡಿಯುವ ಮಂದಣ್ಣನಲ್ಲಿ ಹುಟ್ಟಾ ಜೀವವಿಜ್ಞಾನಿಯನ್ನು ಕಾಣುತ್ತಾನಲ್ಲ, ಆ ಭಾಗಗಳನ್ನು ಈಗ ಬರಹಗಾರ್ತಿಯಾಗಿ ಮತ್ತೊಮ್ಮೆ ಓದು. ವಿಜ್ಞಾನ ಕನ್ನಡದಲ್ಲಿ ಪಾಠದ ಧಾಟಿ ಬಿಟ್ಟು ಹೇಗೆ ಮಾತಾಡಬಹುದು ಅನ್ನುವುದು ಅಲ್ಲಿ ಸಿಗುತ್ತದೆ.

‘ಸೊಲಾರಿಸ್’ಗೆ ಎರಡು ಇಂಗ್ಲಿಷ್ ಅನುವಾದ ಇವೆ. ಹಳೆಯದು ಫ್ರೆಂಚ್ ಮೂಲಕ ಬಂದದ್ದು, 2011ರದು ನೇರ ಪೋಲಿಷ್‌ನಿಂದ. ಸಿಕ್ಕರೆ ಎರಡನೆಯದನ್ನೇ ತಗೋ. ಮಧ್ಯೆ ಆ ಗ್ರಹದ ಸಂಶೋಧನೆಯ ಇತಿಹಾಸ ಪುಟಗಟ್ಟಲೆ ಬರುತ್ತದೆ, ನಿಧಾನ ಅನ್ನಿಸುತ್ತದೆ, ಹಾರಿಸಬೇಡ. ಪೆನ್ಸಿಲ್ ಕೈಯಲ್ಲಿರಲಿ.

ಪ್ರೀತಿಯಿಂದ,
ನಿನ್ನ ಅಕ್ಕ